ಹಂಡೆ ನೀರಿಗೆ ಹಾಕಿದ ಹಲ್ಲು

ನನ್ನ ಮೊಮ್ಮಗಳು ನಿನ್ನೆ ನೀರು ಕುಡಿದಳು. ಒಂದು ತೊಟ್ಟೂ ಮೂಗಿನಿಂದ ಹೊರಗೆ ಬರಲಿಲ್ಲ!

ಮೊದಲು ಇದನ್ನು ಬರೆದುಬಿಡಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಹುಣಸೂರಿನ ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಹಿತ್ತಾಳೆ ಲೋಟದ ತುಂಬ ನೀರು, ನಿಂತ ನಿಲುವಿನಲ್ಲೇ ಗಟಗಟ ಕುಡಿದು, ಲೋಟ ಬೋರಲು ಹಿಡಿದು ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ "ತಾತಾ" ಅಂದಳು. ಮೂರು ವರ್ಷದಿಂದ ಆ ಪದ ಅವಳ ಮೂಗಿನಲ್ಲೇ ಕರಗಿ ಹೋಗುತ್ತಿತ್ತು. ನಿನ್ನೆ ಎರಡು ಅಕ್ಷರವೂ ಕಾಯಿ ಒಡೆದ ಹಾಗೆ ಬಿಡಿಬಿಡಿಯಾಗಿ ಕೇಳಿದವು. ನಾನು ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೆಲ್ಲ ಹೇಳಿದೆ. ಕಂಡಕ್ಟರಿಗೂ ಹೇಳಿದೆ, "ನಮ್ಮ ಮೊಮ್ಮಗಳು ನೀರು ಕುಡುದ್ಲು ಕಣಪ್ಪ!" ಅಂತ. ಅವನು ಟಿಕೀಟು ಹರಿಯುತ್ತಾ, "ಬಾಯಾರಿರ್ತದೆ, ಕುಡೀಲಿ ಬುಡಿ ಯಜಮಾನ್ರೇ" ಅಂದ.

ಕೂಲಿಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ಬೆರಳು ತಿದ್ದಿದವನು ನಾನು. ಬರೆಯುವುದು ಅಪರೂಪ. ಇವತ್ತು ಬೆಳಿಗ್ಗೆ ಎದ್ದವನೇ ಈ ಸಂತೋಷ ಬರೆದಿಡೋಣ ಅಂತ ಕೂತೆ. ನೋಡಿದರೆ ಎರಡು ಸಾಲು ಆಗುವುದರೊಳಗೆ ಕೈ ಬೇರೆ ಕಡೆಗೇ ಎಳೆಯುತ್ತಿದೆ. ಈ ನೀರನ್ನು ಅವಳು ಹೋದ ಶ್ರಾವಣದಲ್ಲೇ ಕುಡಿಯಬೇಕಾಗಿತ್ತು. ಕುಡಿಯದ ಹಾಗೆ ಮಾಡಿದವನು ನಾನು.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಊರು. ಹೊಲದಲ್ಲಿ ರಾಗಿ, ಸಾಲಿನ ನಡುವೆ ಅವರೆ, ಕೆರೆ ಹಿಂದೆ ಒಂದಿಷ್ಟು ಕಬ್ಬು. ಮನೆಯಲ್ಲಿ ನಾನು, ನನ್ನ ಹೆಂಡತಿ, ಮಗ, ಸೊಸೆ, ಅವರಿಗೆ ಒಬ್ಬಳೇ ಮಗಳು. ಮೂರು ವರ್ಷದ ಕೆಳಗೆ ಕಬ್ಬು ಅರೆಯುವ ಕಾಲದಲ್ಲಿ ಅವಳಿಗೆ ಹದಿಮೂರು. ಆಲೆಮನೆಯಲ್ಲಿ ಗಾಣದ ಎತ್ತುಗಳ ಹಿಂದೆ ಕೋಲು ಹಿಡಿದು ಸುತ್ತುತ್ತಿದ್ದಳು. ಎತ್ತು ಎಳೆಯುವ ಉದ್ದನೆ ಮರಕ್ಕೆ ಬಿಗಿದಿದ್ದ ಹಗ್ಗ ಕಿತ್ತುಹೋಯಿತು. ಮರ ಹಿಂದಕ್ಕೆ ಬೀಸಿ ಅವಳ ಬಾಯಿಗೆ ಹೊಡೆಯಿತು. ಮೇಲುಗಡೆ ಮುಂದಲ ಹಲ್ಲು ನಾಲ್ಕೂ ಹೋದವು, ಅವುಗಳ ಜೊತೆ ದವಡೆ ಮೂಳೆಯ ಒಂದು ಚೂರೂ ಹೋಯಿತು. ಗಾಯ ಒಣಗಿದ ಮೇಲೆ ಅಂಗುಳಿನಲ್ಲಿ ಒಂದು ತೂತು ಉಳಿಯಿತು, ಹುಣಸೆ ಬೀಜ ಕೂರುವಷ್ಟು. ನೀರು ಕುಡಿದರೆ ಆ ತೂತಿನಲ್ಲಿ ಹೊಕ್ಕು ಮೂಗಿನಿಂದ ಇಳಿಯುತ್ತಿತ್ತು. ಮಾತಾಡಿದರೆ ಮಾತೂ ಅದೇ ದಾರಿ ಹಿಡಿಯುತ್ತಿತ್ತು.

ಅದು ಹಗ್ಗದ ತಪ್ಪು. ಅದನ್ನು ನನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ. ನನ್ನ ತಪ್ಪು ಆಮೇಲಿನದು.

ಅವತ್ತಿನಿಂದ ಅವಳು ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅಡಿಗೆಮನೆ ಮೂಲೆಯಲ್ಲಿ ರಾಗಿ ತುಂಬುವ ದೊಡ್ಡ ಗುಡಾಣ ಇದೆ. ಅದರ ಕಡೆ ಮುಖ ಮಾಡಿಕೊಂಡು, ತೊಡೆಯ ಮೇಲೊಂದು ಬಟ್ಟೆ ಹಾಸಿಕೊಂಡು, ಒಬ್ಬಳೇ ಉಣ್ಣುತ್ತಿದ್ದಳು. ಪುಟ್ಟ ಪುಟ್ಟ ತುತ್ತು ನುಂಗಬೇಕು, ತಲೆ ಬಗ್ಗಿಸಿಯೇ ಇರಬೇಕು, ನೀರನ್ನು ಬೆರಳಲ್ಲಿ ಅದ್ದಿ ಚೀಪಬೇಕು. ಊರಿನ ಹೆಂಗಸರು ಸಮಾಧಾನ ಮಾಡುತ್ತೇವೆ ಅಂತ ಬಂದು, "ಮುದ್ದೆ ನುಂಗೋಕೆ ಹಲ್ಲು ಯಾಕವ್ವಾ? ನಾವೇನು ಅಗೀತೀವಾ? ನಿಂಗೇನೂ ನಷ್ಟ ಇಲ್ಲ ಬುಡು" ಅನ್ನುವರು. ಅವಳೂ ನಗುವಳು, ಸೆರಗು ಅಡ್ಡ ಇಟ್ಟುಕೊಂಡು. ಕನ್ನಡದವರೆಲ್ಲ ಒಂದೇ ರಾಜ್ಯ ಆದೆವು ಅಂತ ಸ್ಕೂಲಲ್ಲಿ ಮಕ್ಕಳಿಗೆ ಪೆಪ್ಪರ್‌ಮೆಂಟು ಹಂಚಿದ ದಿವಸ, ತನ್ನ ಪಾಲಿನದನ್ನು ಹಾಗೇ ಮುಷ್ಟಿಯಲ್ಲಿ ತಂದು ನನ್ನ ಕೈಗೆ ಹಾಕಿದಳು. ಅದು ಬೆವರಿಗೆ ಅಂಟಂಟಾಗಿತ್ತು. ಆಮೇಲೆ ಅವಳು ಸ್ಕೂಲಿಗೂ ಹೋಗಲಿಲ್ಲ.

ಹೀಗೆ ಎರಡು ವರ್ಷದ ಮೇಲಾದ ನಂತರ ಹುಣಸೂರಿಗೆ ಹಲ್ಲಿನ ಡಾಕ್ಟರು ಬಂದರು. ಸಂತೆಯ ದಿವಸ ಮಾತ್ರ ಮೈಸೂರಿನಿಂದ ಬರುವರು. ಬಸ್ ಸ್ಟಾಂಡಿನ ಹತ್ತಿರ, ಎಣ್ಣೆ ಅಂಗಡಿ ಮೇಲಿನ ಒಂದು ಕೋಣೆ. ಬೊಂಬಾಯಿಯಲ್ಲಿ ಓದಿದವರು, ಇನ್ನೂ ಮೂವತ್ತು ದಾಟಿರಲಿಲ್ಲ. ಹಲ್ಲು ಕೀಳುವುದಕ್ಕಿಂತ ಹಲ್ಲು ಕಟ್ಟುವುದರ ಮೇಲೆಯೇ ಅವರಿಗೆ ಪ್ರಾಣ. ಹಿಂದೆಲ್ಲ ಕರೀ ರಬ್ಬರಿನಲ್ಲಿ ಸೆಟ್ಟು ಕಟ್ಟುತ್ತಿದ್ದರಂತೆ. ಇವರದು ಹೊಸ ಸಾಮಾನು, ಒಂದು ಪುಡಿ, ಒಂದು ಘಾಟು ವಾಸನೆಯ ನೀರು. ನಮ್ಮ ಕಡೆ ಜನರ ಬಾಯಲ್ಲಿ ಅದು ಹೇಗೆ ನಿಲ್ಲುತ್ತದೆ, ಎಷ್ಟು ದಿವಸ ಬಾಳುತ್ತದೆ ಅಂತ ಪರೀಕ್ಷೆ ಮಾಡಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು.

ಪುಟ್ಟ ಕನ್ನಡಿಯನ್ನು ಬಾಯೊಳಗೆ ಬಿಟ್ಟು ಅವಳ ಅಂಗುಳು ನೋಡಿ, "ಹಲ್ಲಿನ ಸೆಟ್ಟಿನಿಂದಲೇ ಈ ತೂತನ್ನೂ ಮುಚ್ಚಬಹುದು" ಅಂದರು.

ನಾನು ಕೇಳಿದೆ, "ಏನ್ ಸಾಮಾನು ಸ್ವಾಮಿ ಅದು? ಮೂಳೆಯಾ? ನಮ್ದು ಶಿವಪೂಜೆ ಮಾಡೋ ಮನೆ."

"ಮೂಳೆ ಅಲ್ಲ ಯಜಮಾನ್ರೇ. ದಂತಾನೂ ಅಲ್ಲ. ಯಾವ ಪ್ರಾಣೀದೂ ಅಲ್ಲ."

"ಮತ್ತೆ ಹಲ್ಲು? ಅದ್ಯಾರ್ದು?"

"ಯಾರ್ದೂ ಅಲ್ಲ. ಮಾಡಿದ್ದು. ಯಾರ ಬಾಯಿಂದಾನೂ ಕಿತ್ತು ತಂದಿಲ್ಲ, ಭಯ ಬೇಡ" ಅಂತ ನಕ್ಕರು.

ಮೂರು ಸಂತೆ ಹೋದೆವು. ಕಂದು ಬಣ್ಣದ ಮೇಣದಂಥ ಬಿಲ್ಲೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವಳ ಅಂಗುಳಿಗೆ ಒತ್ತಿ ಅಚ್ಚು ತೆಗೆದರು. ಅವಳಿಗೆ ವಾಂತಿ ಬಂದ ಹಾಗಾಗಿ ಕಣ್ಣಲ್ಲಿ ನೀರು ಸುರಿಯಿತು, ನನ್ನ ಹೆಬ್ಬೆರಳು ಬಿಡಲಿಲ್ಲ. ಆ ಅಚ್ಚಿಗೆ ಬಿಳೀ ಗಾರೆ ಹುಯ್ದು ಅವಳ ಬಾಯಿಯದೇ ಒಂದು ಪ್ರತಿ ಮಾಡಿಕೊಂಡರು. ಪುಡಿಗೆ ಆ ನೀರು ಕಲಸಿ ಕಡುಬಿನ ಹಿಟ್ಟಿನ ಹದಕ್ಕೆ ತಂದು, ಎರಡು ಹೋಳಿನ ಹಿತ್ತಾಳೆ ಪೆಟ್ಟಿಗೆಯಲ್ಲಿ ತುಂಬಿ, ತಿರುಪು ಬಿಗಿದು, ಪಂಪ್ ಸ್ಟೌ ಮೇಲಿನ ನೀರಿಗೆ ಇಳಿಸಿದರು. ಗಾಜಿನ ಕಡ್ಡಿ ಅದ್ದಿ ಶಾಖ ನೋಡುತ್ತಾ ಮಧ್ಯಾಹ್ನವೆಲ್ಲ ಅದರ ಮುಂದೆಯೇ ಕೂತಿದ್ದರು. ನಾನೂ ಬಾಗಿಲಲ್ಲಿ ಕೂತು ನೋಡಿದೆ. ನೋಡಿದ್ದೇ ಕೆಟ್ಟದ್ದಾಯಿತು.

ಶ್ರಾವಣದಲ್ಲಿ ಸೆಟ್ಟು ಕೈಗೆ ಬಂತು. ಗುಲಾಬಿ ಬಣ್ಣದ ಅಂಗುಳು, ಮುಂದೆ ನಾಲ್ಕು ಹಲ್ಲು, ತೂತಿನ ಜಾಗಕ್ಕೆ ಸರಿಯಾಗಿ ಬಿರಡೆಯಂಥ ಒಂದು ಪುಟ್ಟ ಗುಬಟು. ಡಾಕ್ಟರು ಹಾಕಿ, ಬೆರಳಲ್ಲಿ ಒತ್ತಿ, ಕನ್ನಡಿ ಬಿಟ್ಟು ನೋಡಿ, "ಎಷ್ಟು ಚೆನ್ನಾಗಿ ಕೂತಿದೆ!" ಅಂತ ತಮಗೆ ತಾವೇ ಹೇಳಿಕೊಂಡರು. ನೀರು ಕುಡಿ ಅಂದರೆ ಅವಳು ನಾಚಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು. "ಅವಸರ ಇಲ್ಲ, ಮನೇಲಿ ಕುಡೀಲಿ. ತಣ್ಣೀರಲ್ಲೇ ತೊಳೀರಿ, ರಾತ್ರಿ ತೆಗೆದು ತಣ್ಣೀರಲ್ಲೇ ಇಡಿ" ಅಂದರು.

ಮನೆಗೆ ಬಂದ ಮೇಲೆ ಸೊಸೆ ಚೊಂಬು ತಂದು ಮುಂದೆ ಹಿಡಿದಳು. ಬೇಡ ಅಂದವನು ನಾನೇ. "ನಾಳೆ ಶ್ರಾವಣ ಸೋಮವಾರ. ಮೊದ್ಲು ಬಾಯಿಗೆ ಬೀಳೋ ನೀರು ಪೂಜೆ ತೀರ್ಥವೇ ಆಗ್ಲಿ" ಅಂದೆ. ಎಲ್ಲರೂ ಅದೇ ಸರಿ ಅಂದರು. ಆ ಸಂಜೆಯೇ ಕುಡಿದಿದ್ದರೆ ಸೆಟ್ಟು ಸರಿಯಾಗಿದೆ ಅಂತ ಅವತ್ತೇ ಗೊತ್ತಾಗುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ.

ಅವಳು ಸೆಟ್ಟನ್ನು ತೆಗೆದು ಬಟ್ಟಲಿನ ನೀರಲ್ಲಿಟ್ಟು, ಅದನ್ನು ಗೋಡೆಯ ಗೂಡಿನಲ್ಲಿಟ್ಟು, ಅಜ್ಜಿಯ ಜೊತೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ನಾನೊಬ್ಬನೇ ಇದ್ದೆ. ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ಡಾಕ್ಟರ ಕೈ ಎಷ್ಟು ಜನರ ಬಾಯೊಳಗೆ ಹೋಗಿ ಬಂದಿದೆ! ಅದೇ ಕೈಯಲ್ಲಿ ತಿಕ್ಕಿದ್ದು, ಅದೇ ಕೈಯಲ್ಲಿ ಹಾಕಿದ್ದು. ಊರೆಲ್ಲರ ಎಂಜಲು. ಬೆಳಿಗ್ಗೆ ತೀರ್ಥ ಇದರ ಮೇಲೆ ಬೀಳಬೇಕಲ್ಲ? ಸಂತೆಯಿಂದ ಹೊಸ ಪಾತ್ರೆ ತಂದರೂ, ಕೊಟ್ಟ ಪಾತ್ರೆ ಬೇರೆ ಮನೆಯಿಂದ ವಾಪಸು ಬಂದರೂ, ಕುದಿಯುವ ನೀರು ಹುಯ್ಯದೆ ಒಳಗೆ ತಗೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಡಾಕ್ಟರು ತಣ್ಣೀರು ಅಂದದ್ದು ಕಿವಿಯಲ್ಲೇ ಇತ್ತು. ತಣ್ಣೀರಿಗೆ ಎಂಜಲು ಹೋಗುತ್ತದೆಯೇ? ಅಲ್ಲದೆ ನಾನೇ ಕಣ್ಣಾರೆ ನೋಡಿದ್ದೆನಲ್ಲ, ಬೇಯಿಸಿದ್ದೇ ಬಿಸಿನೀರಲ್ಲಿ! ಬಿಸಿನೀರಲ್ಲಿ ಬೆಂದು ಬಂದದ್ದಕ್ಕೆ ಬಿಸಿನೀರು ಏನು ಮಾಡೀತು?

ಬಚ್ಚಲ ಹಂಡೆ ಕೊತಕೊತ ಕುದಿಯುತ್ತಿತ್ತು. ಚೊಂಬಿನ ತುಂಬ ತೆಗೆದು ಅದರೊಳಕ್ಕೆ ಸೆಟ್ಟನ್ನು ಬಿಟ್ಟೆ. ಮೇಲೆ ಒಂದು ಚಿಟಿಕೆ ವಿಭೂತಿಯನ್ನೂ ಹಾಕಿದೆ. ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟು ಹೊತ್ತು ಬಿಟ್ಟು ತೆಗೆದೆ. ನನ್ನ ಕಣ್ಣಿಗೆ ಹಾಗೇ ಇತ್ತು, ಗುಲಾಬಿಯಾಗಿ, ಹೊಳೆಯುತ್ತಾ. ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಬಟ್ಟಲಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಕಾಲು ತೊಳೆದದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಹೊಸ ಲಂಗ ಉಟ್ಟು ನನ್ನ ಮುಂದೆ ಕೂತಳು. ಸೆಟ್ಟು ಹಾಕಿಕೊಳ್ಳಲು ಸ್ವಲ್ಪ ಒದ್ದಾಡಿದಳು. ಅಂಗೈಗೆ ತೀರ್ಥ ಹಾಕಿದೆ. ಕುಡಿದಳು. ಮೂಗಿನಿಂದ ಬುಳಕ್ಕನೆ ಇಳಿಯಿತು. ಸೀನಿದಳು, ಕೆಮ್ಮಿದಳು. ಒದ್ದೆಯಾದ ಲಂಗವನ್ನು ಒಂದು ಸಾರಿ ನೋಡಿಕೊಂಡು ಎದ್ದು ಗುಡಾಣದ ಮೂಲೆಗೆ ಹೋದಳು.

ಆಗಲೇ ನನಗೆ ಗೊತ್ತಾಯಿತು ಅಂದರೆ ಸುಳ್ಳು. ಗೊತ್ತಾಗಲಿಲ್ಲ ಅಂದರೂ ಸುಳ್ಳು.

ಮಗ ಹೊಸಲಲ್ಲಿ ನಿಂತು, "ಇದೇನಪ್ಪಾ ಇಂಗಾಯ್ತು?" ಅಂದ.

"ಡಾಕ್ಟ್ರ ಕೆಲಸ ಅಷ್ಟೇ ಕಣ್ಲಾ. ಪ್ಯಾಟೆಯೋರು" ಅಂದೆ.

ಅದು ತಾನೇ ಬಾಯಿಂದ ಬಂತು. ಬಂದ ಮೇಲೆ ವಾಪಸು ತಗೊಳ್ಳಲಿಲ್ಲ. ಮುಂದಿನ ಸಂತೆಯಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೂ ಅದು ನಿಜದ ಹಾಗೆ ಕಾಣತೊಡಗಿತು.

ಡಾಕ್ಟರು ಸೆಟ್ಟನ್ನು ಗಾರೆಯ ಪ್ರತಿಯ ಮೇಲೆ ಕೂರಿಸಿ ನೋಡಿದರು. ಹಿಂದುಗಡೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಅವರ ಮುಖ ಬಿಳಿಚಿಕೊಂಡಿತು. "ಹೋದ ವಾರ ಕೂತಿತ್ತಲ್ಲ! ಬಿತ್ತಾ? ಎಲ್ಲಾದ್ರೂ ಶಾಖ ತಗುಲಿತಾ?"

"ಇಲ್ಲ ಸ್ವಾಮಿ" ಅಂದೆ.

"ಏನು ಊಟ ಮಾಡಿದಳು?"

"ಮುದ್ದೆ."

"ಬಿಸಿ ಬಿಸೀದಾ?"

"ಮುದ್ದೆ ಅಂದ್ರೆ ಬಿಸೀನೇ ಅಲ್ವ್ರಾ?"

ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದರು, "ಇನ್ನು ಮೇಲೆ ಮುದ್ದೆ ಆರಿಸಿಕೊಂಡು ತಿನ್ನಮ್ಮ. ಪೂರ್ತಿ ತಣ್ಣಗಾಗಬೇಕು. ನನಗೆ ಅದರ ಮೇಲೇ ಅನುಮಾನ." ಸಂದಿನ ಅಂಚನ್ನು ಅರದಿಂದ ಒಂದಿಷ್ಟು ಉಜ್ಜಿ, ಇದನ್ನೇ ಹಾಕಿಕೊಂಡಿರು, ಇನ್ನೂ ಏನೇನು ಬದಲಾಗುತ್ತದೆ ನೋಡಬೇಕು ಅಂದರು.

ಅವಳ ಪಾಲಿಗೆ ಉಳಿದಿದ್ದ ರುಚಿ ಅದೊಂದೇ ಆಗಿತ್ತು, ಬಿಸಿ ಮುದ್ದೆ, ಮೇಲೆ ತುಪ್ಪ. ನನ್ನ ಒಂದು "ಇಲ್ಲ ಸ್ವಾಮಿ"ಗೆ ಅದೂ ಹೋಯಿತು. ದಿವಸಾ ನನ್ನ ಹೆಂಡತಿ ಅವಳ ಮುದ್ದೆಯನ್ನು ಬೇರೆ ತೆಗೆದು ತಟ್ಟೆ ಮುಚ್ಚಿ ಆರಲು ಇಡುವಳು. ದಿವಸಾ ಗೊಣಗುವಳು, "ಆರಿದ್ ಮುದ್ದೆ ಗಂಟಲಲ್ಲಿ ಇಳಿಯೋದಾ? ಜೇಡಿಮಣ್ಣು ಕಣ್ರೀ ಅದು. ಆ ಡಾಕ್ಟ್ರು ಒಂದಿನ ತಿಂದು ನೋಡ್ಲಿ, ಗೊತ್ತಾಯ್ತದೆ." ನಾನು ನನ್ನ ಬಿಸಿ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುತ್ತಾ, "ಏನ್ ಮಾಡಾದು, ಅವ್ರು ಓದಿದೋರು" ಅನ್ನುತ್ತಿದ್ದೆ. ತಿರುಚಿಕೊಂಡ ಸೆಟ್ಟು ಅಂಗುಳನ್ನು ಕೊರೆದು ಹುಣ್ಣು ಮಾಡಿತ್ತು. ಹೀಗೇ ಇರಬೇಕೇನೋ ಅಂತ ಅವಳು ಡಾಕ್ಟರಿಗೂ ಹೇಳದೆ ಅದನ್ನೂ ತಡೆದುಕೊಂಡಿದ್ದಳು.

ನಾಲ್ಕು ತಿಂಗಳು ಇದೇ ಆಯಿತು. ಪ್ರತಿ ಸಂತೆಗೂ ಹೋಗುವುದು, ಡಾಕ್ಟರು ಅಳೆಯುವುದು, ಬರೆಯುವುದು. ಅವರ ಕಿಟಕಿಯಲ್ಲಿ ಗಾಜಿನ ಶೀಸೆಗಳ ಸಾಲೇ ಬೆಳೆಯಿತು. ಒಂದರಲ್ಲಿ ಹುಣಸೆ ನೀರು, ಒಂದರಲ್ಲಿ ಸುಣ್ಣದ ನೀರು, ಒಂದರಲ್ಲಿ ಉಪ್ಪು ನೀರು, ಒಂದರಲ್ಲಿ ರಾಗಿ ಅಂಬಲಿ. ಒಂದೊಂದರಲ್ಲೂ ಆ ಗುಲಾಬಿ ಸಾಮಾನಿನ ತುಂಡು ಮುಳುಗಿಸಿಟ್ಟು, ಮೇಲೆ ಚೀಟಿ ಅಂಟಿಸಿದ್ದರು. ಒಂದು ದಿವಸ ಹೋಟಲಿನಿಂದ ಬಿಸಿ ಮುದ್ದೆ ತರಿಸಿ, ಅದರ ಹೊಟ್ಟೆಯೊಳಗೆ ಒಂದು ತುಂಡು ಹುದುಗಿಸಿ, ಗಡಿಯಾರ ನೋಡುತ್ತಾ ಕೂತಿದ್ದರು. ಯಾವುದರಲ್ಲೂ ಅದು ತಿರುಚಿಕೊಳ್ಳಲಿಲ್ಲ. ಆದರೂ ನಿಜ ಕಾರಣ ತಿಳಿಯುವ ತನಕ ಅವಳಿಗೆ ಆರಿದ ಮುದ್ದೆಯೇ ಇರಲಿ ಅಂದರು. "ಪುಡಿ ಹೆಚ್ಚಾಯ್ತೋ, ಬೇಯಿಸಿದ್ದು ಕಮ್ಮಿಯಾಯ್ತೋ, ನನಗೆ ತಿಳೀತಿಲ್ಲ ಯಜಮಾನ್ರೇ" ಅನ್ನುವರು. ನಾನು ಅವರಿಗೆ ಅಚ್ಚು ಬೆಲ್ಲ ಕೊಟ್ಟೆ. ತೆಂಗಿನಕಾಯಿ ಕೊಟ್ಟೆ. ಮೇಣ ಬೇಕು ಅಂದರೆ ಹೆಗ್ಗಡದೇವನಕೋಟೆ ಕಡೆಯಿಂದ ಒಳ್ಳೇ ಜೇನುಮೇಣ ತರಿಸಿಕೊಟ್ಟೆ. ಇಷ್ಟೆಲ್ಲ ಹೊತ್ತುಕೊಂಡು ಹೋದವನು ಹೇಳಬೇಕಾದ ಒಂದು ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ.

ಕಾರ್ತೀಕದ ಒಂದು ಸಂತೆ ದಿವಸ ನಮ್ಮ ಬೆಂಚಿನ ಮೇಲೆ ಇನ್ನೊಬ್ಬ ಕೂತಿದ್ದ. ಹೆಗ್ಗಡದೇವನಕೋಟೆ ಕಾಡಿನ ಕಡೆಯವನು, ಜೇನು ಕೀಳುವವನು. ಕರಡಿ ಪರಚಿ ಕೆಳಗಿನ ದವಡೆಯ ಒಂದು ಭಾಗ ಹೋಗಿತ್ತು. ಮುಖಕ್ಕೆ ಟವಲು ಸುತ್ತಿಕೊಂಡಿದ್ದ. ಅವನನ್ನು ಶ್ರಾವಣದಲ್ಲೂ ನೋಡಿದ್ದೆ. ಈ ಹುಡುಗಿಯದು ಆಗಲಿ, ಆಮೇಲೆ ನಿನ್ನದು ಅಂತ ಡಾಕ್ಟರು ಅವನಿಗೆ ಆಗಲೇ ಮಾತು ಕೊಟ್ಟಿದ್ದರು. ಅವತ್ತು ಅವನನ್ನು ಕರೆದು, "ನಿನಗೆ ಈ ಸಾಮಾನಿನಲ್ಲಿ ಕಟ್ಟೋಲ್ಲಪ್ಪ. ಆ ಹುಡುಗೀದೇ ಕೆಟ್ಟಿದೆ, ನೀನೇ ನೋಡ್ತಿದ್ದೀಯ. ಯಾಕೆ ಕೆಟ್ಟಿತು ಅಂತ ಗೊತ್ತಾಗೋ ತನಕ ಯಾರಿಗೂ ಹಾಕೋಲ್ಲ. ಇದು ನಮ್ಮ ಜನಕ್ಕೆ ಆಗಿಬರೋಲ್ಲ ಅಂತ ಮೈಸೂರಿನಲ್ಲಿ ನಮ್ಮ ದೊಡ್ಡ ಡಾಕ್ಟರಿಗೆ ಬರೆದು ಕೊಡ್ತಾ ಇದ್ದೀನಿ" ಅಂದರು.

ಅವನು ಟವಲಿನೊಳಗಿಂದ ಏನೋ ಅಂದ. ನಮಗ್ಯಾರಿಗೂ ತಿಳಿಯಲಿಲ್ಲ. ನನ್ನ ಮೊಮ್ಮಗಳಿಗೆ ತಿಳಿಯಿತು. ಅವಳು ತನ್ನ ಮೂಗಿನ ಮಾತಿನಲ್ಲೇ ನನಗೆ ಹೇಳಿದಳು, "ಮತ್ಯಾವಾಗ ಬರ್ಲಿ ಅಂತವ್ರೆ."

ಆಗ ನಾನು ಬಾಯಿಬಿಟ್ಟೆ.

"ಸ್ವಾಮಿ, ಬರೀಬೇಡಿ. ಸಾಮಾನು ಕೆಟ್ಟದ್ದಲ್ಲ. ನಾನು ಅದನ್ನ ಹಂಡೆ ನೀರಿಗೆ ಹಾಕಿದ್ದೆ."

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ನೀರು?"

"ಬಚ್ಚಲ ಹಂಡೇದು. ಕುದೀತಿದ್ದ ನೀರು. ತಂದ ದಿವಸವೇ. ಎಂಜಲು ಹೋಗ್ಲಿ ಅಂತ."

ಅವರು ಕುರ್ಚಿಯ ಮೇಲೆ ಕೂತರು. ಕನ್ನಡಕ ತೆಗೆದರು. ಬಯ್ಯುತ್ತಾರೆ ಅಂತ ಕಾದೆ, ಬಯ್ದಿದ್ದರೆ ಚೆನ್ನಾಗಿತ್ತು. ನೋಟ್‌ಬುಕ್ಕು ತೆಗೆದು ಕೇಳತೊಡಗಿದರು, "ಗುಳ್ಳೆ ಬಂದು ಕುದೀತಿತ್ತಾ? ಎಷ್ಟು ಹೊತ್ತು ಬಿಟ್ರಿ?"

"ಒಂದ್ಸಲ ಎಲೆ ಅಡಿಕೆ ಅಗಿಯೋಷ್ಟು."

"ಎಷ್ಟು ನಿಮಿಷ ಅಂತ ಬರೀಲಿ?" ಪೊಲೀಸರು ಕೇಳುವ ಹಾಗೆ ಒಂದೊಂದೂ ಕೇಳಿದರು, ವಿಭೂತಿಯನ್ನೂ ಬರೆದುಕೊಂಡರು. ಕೊನೆಗೆ, "ನಾಲ್ಕು ತಿಂಗಳು ಯಜಮಾನ್ರೇ" ಅಂದರು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. "ನೀವೂ ಬಿಸಿನೀರಲ್ಲೇ ಬೇಯಿಸಿದ್ರಲ್ಲಾ ಸ್ವಾಮಿ?"

"ಆಗ ಪೆಟ್ಟಿಗೆಯೊಳಗೆ ತಿರುಪು ಬಿಗಿದು ಹಿಡಿದಿದ್ದೆ. ಹೊರಗೆ ಬಂದ ಮೇಲೆ ಅದನ್ನ ಹಿಡಿದುಕೊಳ್ಳೋರು ಯಾರು? ಕುದಿಯೋ ನೀರಿಗೆ ಬಿದ್ರೆ ಅದಕ್ಕೆ ಬೇಕಾದ ಕಡೆ ತಿರುಗುತ್ತೆ." ಆಮೇಲೆ ಮೂಲೆಯ ಸ್ಟೌ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಕನ್ನಡಿ, ಚಿಮಟ, ಇಕ್ಕಳ ಎಲ್ಲ ಅದರಲ್ಲಿ ಕುದಿಯುತ್ತಿದ್ದವು. "ಕುದಿಸಬೇಕಾದ್ದನ್ನ ನಾನೇ ದಿವಸಾ ಕುದಿಸ್ತೀನಿ. ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು."

ಕಾಡಿನವನು ನನ್ನನ್ನು ನೋಡುತ್ತಿದ್ದ. ಟವಲಿನ ಮೇಲೆ ಎರಡು ಕಣ್ಣು. ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಾನು ಕೈ ಮುಗಿಯಬಹುದಾಗಿತ್ತು.

ಬಸ್ಸಿನಲ್ಲಿ ಮೊಮ್ಮಗಳು ನನ್ನ ಪಕ್ಕ ಕೂರಲಿಲ್ಲ. ಮುಂದೆ ಹೆಂಗಸರ ಸೀಟಿಗೆ ಹೋಗಿ ಕಿಟಕಿಯ ಆಚೆ ನೋಡುತ್ತಾ ಕೂತಳು. ಬಸ್ಸಿಳಿದು ಎರಡು ಮೈಲಿಯೂ ನನ್ನ ಮುಂದೆ ಮುಂದೆಯೇ ನಡೆದಳು. ಮನೆಗೆ ಬಂದು ನಾನೇ ಎಲ್ಲರ ಎದುರು ಹೇಳಿದೆ. ಮಗ ಎದ್ದು ಹೊಲಕ್ಕೆ ಹೋದ. ನನ್ನ ಹೆಂಡತಿ ಶುರು ಮಾಡಿದಳು.

"ಆ ಕೂಸಿಗೆ ನಾಕು ತಿಂಗಳು ಜೇಡಿಮಣ್ಣು ಉಣ್ಣಿಸಿದ್ನಲ್ಲ ನನ್ನ ಕೈಯಾರೆ! ನೀವು ನನ್ನ ಎದುರಿಗೇ ಕೂತ್ಕಂಡು ಬಿಸಿ ಮುದ್ದೆ ನುಂಗ್ತಿದ್ರಲ್ಲ, ಅದು ಎಂಗೆ ಇಳೀತು ಗಂಟ್ಲಲ್ಲಿ?"



ಮುಂದಿನ ಸಂತೆಯಲ್ಲಿ, ಡಾಕ್ಟರ ಮೇಲೆ ಯಾರ ಯಾರ ಹತ್ತಿರ ದೂರು ಹೇಳಿದ್ದೆನೋ ಅವರನ್ನೆಲ್ಲ ಹುಡುಕಿಕೊಂಡು ಹೋಗಿ ನನ್ನ ಕೆಲಸ ಹೇಳಿದೆ. ಕೆಲವರು ನಕ್ಕರು. ಒಬ್ಬ, "ಅಂಗಾರೆ ನಮ್ಮತ್ತೆ ಹಲ್ಲು ಕಟ್ಟಿಸ್ಬೋದಿತ್ತಲ್ಲ, ನಿನ್ ಮಾತು ಕೇಳಿ ಬ್ಯಾಡ ಅಂದ್ಬುಟ್ಟೊ" ಅಂದ. ಅಂಥವು ಇನ್ನೆಷ್ಟಿವೆಯೋ ನನಗೆ ಗೊತ್ತಿಲ್ಲ. ಕೆಲವರು ಸಿಕ್ಕಲೇ ಇಲ್ಲ. ಡಾಕ್ಟರು ದೊಡ್ಡವರಿಗೆ ಬರೆದದ್ದನ್ನು ಹರಿದು ಬೇರೆ ಬರೆದರು. ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿದರು, ಹಲ್ಲಿನ ಸೆಟ್ಟನ್ನು ಯಾವ ಕಾರಣಕ್ಕೂ ಬಿಸಿನೀರಿಗೆ ಹಾಕಬಾರದು ಅಂತ. ಓದು ಬಾರದವರು ಬಂದರೆ ನಾನೇ ಎದ್ದು ಓದಿ ಹೇಳುತ್ತೇನೆ. ಹೇಳು ಅಂತ ಯಾರೂ ಅಂದಿಲ್ಲ.

ಅಂಗುಳಿನ ಹುಣ್ಣು ವಾಸಿಯಾಗಲು ಒಂದು ತಿಂಗಳು ಹಿಡಿಯಿತು, ಹೊಸ ಅಚ್ಚು, ಹೊಸ ಸೆಟ್ಟು ಆಗಲು ಇನ್ನೊಂದು ತಿಂಗಳು. ಹುಣ್ಣಿನ ಜಾಗದಲ್ಲಿ ಬಿಳೀ ಗೆರೆ ಉಳಿದಿದೆ, ಡಾಕ್ಟರು ಕನ್ನಡಿಯಲ್ಲಿ ನನಗೂ ತೋರಿಸಿದರು. ಬಿಸಿ ಮುದ್ದೆಗೆ ಇನ್ನು ಅಡ್ಡಿಯಿಲ್ಲ ಅಂದರು. ಕಾಡಿನವನ ಅಚ್ಚು ತೆಗೆದದ್ದು ನಿನ್ನೆ. ಅವನದು ಇನ್ನೂ ಆಗಬೇಕು.

ನಿನ್ನೆಯ ನೀರಿನ ಸುದ್ದಿ ಮೊದಲೇ ಬರೆದೆ. ಇನ್ನು ಸಂಜೆಯದು.

ನಮ್ಮಲ್ಲಿ ಮೊದಲು ಗಂಡಸರ ಊಟ, ಆಮೇಲೆ ಹೆಂಗಸರದು. ನಿನ್ನೆ ದೀಪ ಹಚ್ಚುವ ಹೊತ್ತಿಗೆ ನನ್ನ ಹೆಂಡತಿ ಐದು ತಟ್ಟೆಯನ್ನೂ ಒಟ್ಟಿಗೇ ಹಾಕಿದಳು. ಸೊಸೆ ಹಿಂದೆಮುಂದೆ ನೋಡಿದ್ದಕ್ಕೆ, "ಕೂತ್ಕಳೇ, ಇವತ್ತು ಯಾರು ಯಾರ್ಗೂ ಕಾಯಾದಿಲ್ಲ" ಅಂದಳು. ಹಿತಕಿದ ಅವರೆಬೇಳೆ ಸಾರು, ಮುದ್ದೆ, ಹಪ್ಪಳ. ಸೊಗಡಿನ ಅವರೆ, ಮನೆ ತುಂಬ ಘಮ ಅಂತಿತ್ತು. ಮೊಮ್ಮಗಳು ತೊಡೆ ಮೇಲೆ ಹಾಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದು ಮೂಲೆಯ ಗುಡಾಣದ ಹತ್ತಿರ ಒಂದು ಗಳಿಗೆ ನಿಂತಿದ್ದಳು. ಆಮೇಲೆ ಬಟ್ಟೆಯನ್ನು ಗುಡಾಣದ ಮೇಲೆ ಹಾಕಿ, ಬಂದು ನನ್ನ ಎದುರಿಗೇ ಕೂತಳು.

ನನ್ನ ಹೆಂಡತಿ ಮುದ್ದೆ ಕಟ್ಟಿ ಮೊದಲು ನನ್ನ ತಟ್ಟೆಗೆ ಹಾಕಲು ಬಂದಳು.

"ಅಜ್ಜೀ" ಅಂದಳು ಮೊಮ್ಮಗಳು. ಹೊಸ ಮಾತು, ಒಂದೊಂದು ಅಕ್ಷರವೂ ಅದರದರ ಜಾಗದಲ್ಲಿ ಕೂತಿತ್ತು. "ತಾತಂಗೆ ಈಗ್ಲೇ ಇಕ್ಬ್ಯಾಡ. ಆರ್ಲಿ."

ಸೊಸೆ ತಲೆ ತಗ್ಗಿಸಿದಳು. ನಾನು ಮೊಮ್ಮಗಳನ್ನು ನೋಡಿದೆ. ನಗು ತಡೆದುಕೊಂಡಿದ್ದಳೋ, ನಿಜವಾಗಿ ಹೇಳಿದಳೋ, ಮುಖದಲ್ಲಿ ಎರಡೂ ಇತ್ತು.

"ಸರಿಯಾಗ್ ಯೋಳುದ್ಲು" ಅಂದೆ. "ಮುಚ್ಚಿಡು. ಪೂರ್ತಿ ತಣ್ಣಗಾಗ್ಬೇಕು."

ಮಗ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ಅವಳೂ ನಕ್ಕಳು, ಸೆರಗು ಅಡ್ಡ ಇಟ್ಟುಕೊಳ್ಳದೆ, ನಾಲ್ಕು ಹಲ್ಲೂ ಕಾಣುವ ಹಾಗೆ. ನನ್ನ ಹೆಂಡತಿ ಆ ಮುದ್ದೆಯನ್ನು ಅವಳ ತಟ್ಟೆಗೆ ಹಾಕಿ, ಮೇಲೆ ಹಳ್ಳ ಮಾಡಿ ತುಪ್ಪ ಬಿಟ್ಟಳು. ಹಬೆ ಏಳುತ್ತಿತ್ತು. ಅವಳು ಬೆರಳು ಸುಟ್ಟುಕೊಂಡು, ಊದಿಕೊಂಡು ತುತ್ತು ಮುರಿದಳು. ಹಪ್ಪಳ ತೆಗೆದು ಮುಂದಲ ಹಲ್ಲಿನಲ್ಲಿ ಕಡಿದಳು. ಕಟ್ ಅಂತ ಸದ್ದಾಯಿತು. ನಾವು ನಾಲ್ಕು ಜನವೂ ಕೈ ತಡೆದು ಅದನ್ನೇ ಕೇಳುತ್ತಿದ್ದೆವು.

"ಏನು ಎಲ್ರೂ ನನ್ನೇ ನೋಡ್ತಿದ್ದೀರಿ? ಉಣ್ರಿ" ಅಂದಳು.

ಅವರೆಲ್ಲ ಉಂಡರು. ನನ್ನ ಮುದ್ದೆಯ ಮೇಲಿನ ತಟ್ಟೆಯನ್ನು ಬಹಳ ಹೊತ್ತಾದ ಮೇಲೆ ಅವಳೇ ತೆಗೆದಳು, ಬೆರಳಿನಿಂದ ಮುಟ್ಟಿ ನೋಡಿ, "ಆರ್ಬುಟ್ಟದೆ, ತಿನ್ನು ತಾತ" ಅಂದಳು. ಮುರಿದರೆ ಮುರಿಯಲೊಲ್ಲದು. ಗಂಟಲಲ್ಲಿ ನಿಂತು ನಿಂತು ಇಳಿಯಿತು. ಅವಳು ಎದ್ದು ಹೋಗಲಿಲ್ಲ. ನಾನು ಕೊನೆಯ ತುತ್ತು ನುಂಗುವ ತನಕ ಎದುರಿಗೇ ಕೂತು, ನನ್ನ ತಟ್ಟೆಗೆ ಬಿಸಿ ಸಾರು ಬಿಡುತ್ತಿದ್ದಳು.